ಬೆಳ್ಳಿಯನ್ನು ಕಾಲುಚೀಲಕ್ಕೆ ಸುರಿಯುವ ಮುಂಚೆ

'ಇನ್ನು ಆಂಟಿಬಯೋಟಿಕ್ ಬೇಕಿಲ್ಲ, ನ್ಯಾನೋ ಬಂತು' ಅನ್ನೋ ಪೋಸ್ಟ್‌ಗಳು ಈಗೀಗ ಜಾಸ್ತಿ ಕಾಣಿಸುತ್ತಿವೆ. ನ್ಯಾನೋ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆಗಳು, ಕಣಗಳು; ಬ್ಯಾಕ್ಟೀರಿಯಾ ಕೊಲ್ಲಲು ಇವೇ ಸಾಕು ಅನ್ನೋದು ಆ ಪೋಸ್ಟ್ ಹಾಕುವವರ ವಾದ. ಓದಿದರೆ ಖುಷಿಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಖುಷಿಗೆ ಕಾರಣ ಜೀರುಂಡೆ. ಹೌದು, ಸಿಕಾಡಾ ಅಂತಾರಲ್ಲ, ಅದೇ. 2012ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಎಲೆನಾ ಇವನೋವಾ ಮತ್ತು ಅವರ ತಂಡ ಇದರ ರೆಕ್ಕೆಯ ಮೇಲೆ ಬ್ಯಾಕ್ಟೀರಿಯಾ ಬಿಟ್ಟು ನೋಡಿತು. ಕೆಲವೇ ನಿಮಿಷಗಳಲ್ಲಿ ಸತ್ತವು! ರೆಕ್ಕೆಯ ತುಂಬಾ ಸುಮಾರು 200 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ಒಂದು ನ್ಯಾನೋಮೀಟರ್) ಎತ್ತರದ ಮೊಂಡು ಕಂಬಗಳಿವೆ. ಬ್ಯಾಕ್ಟೀರಿಯಾ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಬಂದು ಕಂಬಗಳ ಮೇಲೆ ಕೂತರೆ, ಎರಡು ಕಂಬಗಳ ನಡುವೆ ಅದರ ಪೊರೆ ಜಗ್ಗಿ ಜಗ್ಗಿ ಹರಿದುಹೋಗುತ್ತದೆ. ರೆಕ್ಕೆಯಲ್ಲಿ ಏನೋ ವಿಷ ಇರಬಹುದು ಅನ್ನೋ ಅನುಮಾನಕ್ಕೆ, ಮೇಲೆ ತೆಳ್ಳಗೆ ಚಿನ್ನ ಲೇಪಿಸಿ ಮತ್ತೆ ನೋಡಿದರು. ಆಗಲೂ ಸತ್ತವು. ಅಂದರೆ ಕೊಲ್ಲುವುದು ಮದ್ದಲ್ಲ, ಆಕಾರ. ದಪ್ಪ ಗೋಡೆಯ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮಾತ್ರ ಈ ರೆಕ್ಕೆಗೆ ಬಗ್ಗಲಿಲ್ಲ. ಮರುವರ್ಷ ಅದೇ ತಂಡ ತೋರಿಸಿದ ಕಪ್ಪು ಸಿಲಿಕಾನ್, ಅಂದರೆ ಮೇಲ್ಮೈ ತುಂಬಾ ಚೂಪು ನ್ಯಾನೋ ಮುಳ್ಳುಗಳಿರುವ ಸಿಲಿಕಾನ್, ಅದನ್ನೂ ಮುಗಿಸಿತು.

ಆದರೆ ಮುಟ್ಟಿದ್ದನ್ನಷ್ಟೇ ಕೊಲ್ಲುವ ಮೇಲ್ಮೈ ಇದು. ಕೃತಕ ಮಂಡಿಗೆ, ದೇಹದೊಳಗೆ ತೂರಿಸುವ ಕೊಳವೆಯಾದ ಕ್ಯಾತಿಟರ್‌ಗೆ ಸರಿ. ರಕ್ತಕ್ಕೇ ಸೋಂಕು ಇಳಿದಿದ್ದರೆ ಇದು ಏನು ಮಾಡೀತು? ಅಲ್ಲಿ ಆಂಟಿಬಯೋಟಿಕ್ಕೇ ಬೇಕು. ಜೊತೆಗೆ ಸತ್ತ ಬ್ಯಾಕ್ಟೀರಿಯಾಗಳೇ ಕಂಬಗಳನ್ನು ಮುಚ್ಚಿ ಕೂರುವ ತೊಂದರೆಯೂ ಇದೆ.

ಇನ್ನು ಸಿಟ್ಟು. ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ಇನ್ನೊಂದು ವಸ್ತು ನ್ಯಾನೋ ಬೆಳ್ಳಿ, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು. ಇದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದೇ ಇಲ್ಲ ಅಂತ ಸುಮ್ನೆ ಬರೆದುಬಿಡುತ್ತಾರೆ. ಯಾರು ಹೇಳಿದ್ದು? ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ 1975ರಲ್ಲೇ ಬಾಸ್ಟನ್ನಿನ ಸುಟ್ಟಗಾಯದ ವಾರ್ಡೊಂದರಿಂದ ವರದಿಯಾಗಿತ್ತು. 2018ರಲ್ಲಿ ಇನ್ನೊಂದು ಚಾಲಾಕಿತನ ಗೊತ್ತಾಯಿತು. ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ತನ್ನ ಬಾಲದ ಪ್ರೋಟೀನನ್ನು ಹೊರಗೆ ಬಿಟ್ಟು, ಬೆಳ್ಳಿಯ ಕಣಗಳನ್ನು ಗಂಟುಕಟ್ಟಿಸಿ ಬಿಡುತ್ತದೆ. ಗಂಟಾದ ಕಣಕ್ಕೆ ಮೊದಲಿನ ಶಕ್ತಿ ಇರುವುದಿಲ್ಲ.

ಔಷಧಕ್ಕೆ ಬಗ್ಗದ ಸೋಂಕುಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನೋ ಅಂದಾಜಿದೆ. ಇಂಥ ಹೊತ್ತಲ್ಲಿ ಕೈಯಲ್ಲಿರುವ ಒಂದೊಂದು ಆಯುಧವೂ ಮುಖ್ಯ ಅಲ್ವಾ? ಸುಟ್ಟಗಾಯದ ಪಟ್ಟಿಗೆ ಬೆಳ್ಳಿ ಹಾಕಿ, ನನ್ನ ತಕರಾರಿಲ್ಲ. ಕಾಲುಚೀಲಕ್ಕೆ, ಹಲ್ಲುಜ್ಜುವ ಬ್ರಷ್ಷಿಗೆ ಯಾಕೆ ಸ್ವಾಮಿ? ಕಾಲುಚೀಲದ ಬೆಳ್ಳಿ ಒಗೆದಾಗ ಚರಂಡಿಗೆ ಹರಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ನಾವೇ ಪುಕ್ಕಟೆ ತರಬೇತಿ ಕೊಟ್ಟಂತೆ. ಬೆಳ್ಳಿ ಕಣ ಬೆರೆಸಿದ ನೀರನ್ನು ಆರೋಗ್ಯಕ್ಕೆ ಅಂತ ದಿನಾ ಕುಡಿಯುವವರೂ ಇದ್ದಾರೆ. ಅಂಥವರ ಚರ್ಮ ಬೂದು ನೀಲಿಗೆ ತಿರುಗಬಹುದು, ಒಮ್ಮೆ ತಿರುಗಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.