ಟೆನ್ಷನ್ ಮಾಡ್ಕೋಬೇಡಿ, ಪ್ರಾರ್ಥನೆ ಮಾಡೋಣ

ನೀವೂ ನೋಡಿರುತ್ತೀರಿ, ಮುಂಬೈಯ ನಮ್ಮ ಕನ್ನಡ ಚರ್ಚಿನ ಆ ನೋಟೀಸು. ‘ಕುಟುಂಬದಲ್ಲೂ ಚರ್ಚಿನಲ್ಲೂ ಟೆನ್ಷನ್ ನಿಭಾಯಿಸುವುದು ಹೇಗೆ? ಒಂದು ದಿನದ ಶಿಬಿರ.’ ಎರಡು ಸಲ ಮುಂದಕ್ಕೆ ಹೋಯಿತು. ಬ್ಯಾನರಿನಲ್ಲಿ ಕಾರ್ಯದರ್ಶಿಯ ಫೋಟೋ ಮೇಲಿರಬೇಕೋ ಖಜಾಂಚಿಯದೋ ಅಂತ ಟೆನ್ಷನ್ ಆಗಿತ್ತು. ಈಗ ಇಬ್ಬರದೂ ಮೇಲೆಯೇ ಇದೆ. ಯೇಸುಸ್ವಾಮಿಯ ಚಿತ್ರ ಕೆಳಗೆ ಮೂಲೆಗೆ ಹೋಗಿದೆ. ಅವರೇನೂ ತಕರಾರು ಮಾಡಿದ ಹಾಗಿಲ್ಲ.

ಮುಂಬೈ ಕನ್ನಡಿಗರಿಗೆ ಇಂಥ ಶಿಬಿರ ಬೇಕೇ ಬೇಕು, ಒಪ್ಪುತ್ತೇನೆ. ಮಂಗಳೂರಲ್ಲಾದರೆ ಸಿಟ್ಟು ಬಂದವನು ತೋಟಕ್ಕೆ ಹೋಗಿ ತೆಂಗಿನ ಮರಕ್ಕೆ ಬೈದು ಬರುತ್ತಾನೆ. ಡೊಂಬಿವಲಿಯ ಒನ್ ರೂಮ್ ಕಿಚನ್‌ನಲ್ಲಿ ಎಲ್ಲಿಗೆ ಹೋಗುತ್ತಾನೆ? ಬಾಗಿಲು ದಢಾರನೆ ಹಾಕೋಣವೆಂದರೆ ಇರುವುದೇ ಎರಡು, ಒಂದು ಬಾತ್‌ರೂಮಿನದು. ಒಳಗೆ ಅತ್ತೆ ಇರುತ್ತಾರೆ. ಮಾತು ಬಿಡೋಣವೆಂದರೆ ನೀರು ಬರುವುದು ಅರ್ಧ ಗಂಟೆ. ಒಬ್ಬರು ತುಂಬಬೇಕು, ಒಬ್ಬರು ಎತ್ತಿಡಬೇಕು. ಹೊತ್ತು ಮುಳುಗುವ ಮುಂಚೆ ಸಿಟ್ಟು ಬಿಡಿ ಅಂತ ಬೈಬಲಿನಲ್ಲಿ ಪೌಲ ಎಫೆಸದ ಸಭೆಯವರಿಗೆ ಬರೆದ. ಹೊತ್ತು ಮುಳುಗುವಾಗ ನಮ್ಮವರು ಕುರ್ಲಾದಲ್ಲಿ, ಲೋಕಲ್ ರೈಲಿನೊಳಗೆ, ಯಾರದೋ ಕಂಕುಳಲ್ಲಿ ಮೂಗಿಟ್ಟು ನಿಂತಿರುತ್ತಾರೆ. ಯಾರ ಜೊತೆ ರಾಜಿಯಾಗುವುದು?

ಹಾಗಾಗಿ ವಾರವಿಡೀ ಕೂಡಿಟ್ಟದ್ದನ್ನು ಭಾನುವಾರ ಕಮಿಟಿ ಮೀಟಿಂಗಿಗೆ ತರುತ್ತಾರೆ, ಕಾಣಿಕೆಯ ಹಾಗೆ. ಮನೆಯಲ್ಲಿ ಟಿವಿ ರಿಮೋಟೂ ಕೈಗೆ ಸಿಗದವರು ಇಲ್ಲಿ ಮೇಜು ಗುದ್ದುತ್ತಾರೆ. ಸ್ವಂತ ಮನೆ ನಡೆಸಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ತಿಮೊಥೆಯನಿಗೆ ಬರೆದ ಪತ್ರ ಕೇಳುತ್ತದೆ. ನಮ್ಮ ಕಮಿಟಿಯ ಬೈಬಲಿನಲ್ಲಿ ಆ ಪುಟ ಅಂಟಿಕೊಂಡಿರಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಹೆಂಚು ಮಾಡಿಸಿದರು, ಬಟ್ಟೆ ನೇಯಿಸಿದರು. ಅವರಲ್ಲೇ ಒಬ್ಬರು, ಕಿಟ್ಟೆಲ್, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟರು. ಅಷ್ಟರಲ್ಲೂ ‘ತಪ್ಪಾಯ್ತು’ ಎನ್ನುವುದೊಂದು ನಮ್ಮ ಕಮಿಟಿಗೆ ಇನ್ನೂ ಸಿಕ್ಕಿಲ್ಲ. ‘ಪ್ರಾರ್ಥನೆ ಮಾಡೋಣ’ ಮಾತ್ರ ನಾಲಿಗೆ ತುದಿಯಲ್ಲೇ ಇದೆ.

ಎಂಥ ಮಾತದು! ಯಾರಾದರೂ ಲೆಕ್ಕ ಕೇಳಿದ ತಕ್ಷಣ ಎಲ್ಲರ ಕಣ್ಣೂ ಮುಚ್ಚುತ್ತದೆ. ಕಳೆದ ತಿಂಗಳು ಒಬ್ಬ ಅಕ್ಕ ಎದ್ದು ನಿಂತರು. ಗಂಡ ತೀರಿ ಎರಡು ವರ್ಷ. ವಿಧವೆಯರಿಗೆಂದು ಎತ್ತಿದ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದರು. “ಸಭೆಯ ಸಮಾಧಾನ ಕೆಡಿಸಬೇಡಮ್ಮಾ” ಅಂದರು ಕಮಿಟಿಯವರು. ಆಮೇಲೆ ಐದು ನಿಮಿಷ ಪ್ರಾರ್ಥನೆ.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಇದೇ ಗಲಾಟೆ. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಬಿಡುತ್ತಿದ್ದಾರೆ ಅಂತ ಅವರ ಕಡೆಯವರು ಗೊಣಗಿದರು. ಯೇಸುವಿನ ಶಿಷ್ಯರಾದ ಅಪೊಸ್ತಲರು ಕಣ್ಣು ಮುಚ್ಚಲಿಲ್ಲ. ಎಲ್ಲರನ್ನೂ ಕರೆದು, 7 ಜನರನ್ನು ನೀವೇ ಆರಿಸಿ ಅಂದರು. ಆರಿಸಿದ ಏಳೂ ಗ್ರೀಕ್ ಹೆಸರುಗಳೇ. ಲೆಕ್ಕ ಕೇಳಿದವರ ಕೈಗೇ ಬುಟ್ಟಿ ಕೊಟ್ಟ ಹಾಗಾಯಿತು, ಅಲ್ವಾ?

ನನಗಂತೂ ಸಾಕಾಗಿದೆ. ನೊಂದವರ ಬಾಯಿ ಮುಚ್ಚಿಸುವುದಕ್ಕೆ ಟೆನ್ಷನ್ ನಿಭಾಯಿಸುವುದು ಅಂತ ಹೆಸರಿಟ್ಟವರು ಯಾರು? ಮನೆಯಲ್ಲಿ ಸೊಸೆಗೆ ‘ನೀನೇ ಸ್ವಲ್ಪ ಹೊಂದ್ಕೊಂಡು ಹೋಗು’. ಇಲ್ಲಿ ಆ ಅಕ್ಕನಿಗೆ ‘ಸಮಾಧಾನ’. ಸಮಾಧಾನದ ಬಾಡಿಗೆ ಕಟ್ಟುವವರು ಯಾವಾಗಲೂ ಅವರೇ.

ಇರಲಿ. ಶಿಬಿರ ಈ ಭಾನುವಾರ. ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ, ಬೇಗ ಹೊರಡಿ. ಚಹಾದ ಜವಾಬ್ದಾರಿ ಆ ಅಕ್ಕನಿಗೇ ಕೊಟ್ಟಿದ್ದಾರೆ, 60 ಕಪ್. ಹಾಲು, ಸಕ್ಕರೆ, ಏಲಕ್ಕಿ, ಒಂದೊಂದಕ್ಕೂ ಬಿಲ್ ತರಬೇಕಂತೆ.