ಸತ್ಯಾಂಶ: ಹೊಸ ಒಡಂಬಡಿಕೆ ಬಂದರೆ ಹಳೆಯದು ರದ್ದಾ?

ಕೋಲಾರದ ನಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿದೆ: 'ಹೊಸ ಒಡಂಬಡಿಕೆ ನಂಬುವವರು ಹಳೆಯ ಒಡಂಬಡಿಕೆ ಓದಲೇಬಾರದು.' ಇದು ತಪ್ಪು.

ಗೊಂದಲ ಒಂದು ಪದದ್ದು. ಬೈಬಲಿನ ಕೊನೆಯ 27 ಪುಸ್ತಕಗಳಿಗೂ, ದೇವರು ಜನರೊಂದಿಗೆ ಮಾಡಿದ ಕರಾರಿಗೂ 'ಹೊಸ ಒಡಂಬಡಿಕೆ' ಅಂತಲೇ ಹೇಳುತ್ತೇವೆ, ಅಲ್ವಾ? ಆದರೆ ಆ ಕರಾರಿನ ಮಾತು ಮೊದಲು ಬರುವುದೇ ಬೈಬಲಿನ ಹಳೆಯ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ, ಪ್ರವಾದಿ ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಲ್ಲಿ. ಅದರ ಪ್ರಕಾರ ದೇವರು ತನ್ನ ನಿಯಮವನ್ನು ಜನರ ಹೃದಯದಲ್ಲೇ ಬರೆಯುತ್ತಾನೆ, ಪಾಪವನ್ನು ಮತ್ತೆ ನೆನಪಿಗೆ ತರುವುದಿಲ್ಲ. ಶಿಲುಬೆಗೇರುವ ಮುಂಚಿನ ಕಡೆಯ ಊಟದಲ್ಲಿ ಯೇಸು ಪಾತ್ರೆ ಹಿಡಿದು ಹೇಳಿದ್ದು ಈ ಒಡಂಬಡಿಕೆಯನ್ನೇ (ಲೂಕ 22:20). ಹೊಸ ಭಾಗದಲ್ಲಿರುವ ಇಬ್ರಿಯರಿಗೆ ಬರೆದ ಪತ್ರ ಮೊದಲ ಕರಾರು ಹಳೆಯದಾಯಿತು ಅನ್ನುತ್ತದೆ, ನಿಜ. ಅದನ್ನು ಹೇಳುವುದೂ ಯೆರೆಮೀಯನ ಮಾತನ್ನು ಉದ್ದಕ್ಕೂ ಎತ್ತಿಕೊಟ್ಟೇ.

ನಮ್ಮಜ್ಜಿಯ ಬೈಬಲಿನಲ್ಲಿ ಯೆರೆಮೀಯನ ಆ ಪುಟದ ಅಂಚು ಬೆರಳು ತಾಗಿ ತಾಗಿ ಕಂದಿದೆ.