ಸ್ವಲ್ಪ ಟಚ್ ಆಯ್ತು, ಅಷ್ಟೇ

ನಮ್ಮ ಕಾರನ್ನು ಅಷ್ಟು ಅಚ್ಚುಕಟ್ಟಾಗಿ ಯಾರೂ ಯಾವತ್ತೂ ನಿಲ್ಲಿಸಿದ್ದಿಲ್ಲ. ಎಡಗಡೆ ಗೋಡೆಗೂ ಕಾರಿಗೂ ನಡುವೆ ಒಂದು ಅಂಗೈ ಜಾಗ. ಬೆಕ್ಕು ನುಸುಳಬೇಕಾದರೂ ಹೊಟ್ಟೆ ಒಳಕ್ಕೆ ಎಳೆದುಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಅದನ್ನು ನೋಡಿ ನಾನೊಬ್ಬಳು ಪೆದ್ದಿ, "ಪರವಾಗಿಲ್ಲ, ನಮ್ಮ ಹುಡುಗ ಪಾರ್ಕಿಂಗ್ ಕಲಿತುಬಿಟ್ಟ" ಅಂತ ಮನಸ್ಸಿನಲ್ಲೇ ತಮ್ಮನ ಬೆನ್ನು ತಟ್ಟಿದೆ.

ಬಲಗಡೆ ಬಾಗಿಲು ತೆಗೆದು ಕೂತೆ. ಕಾಲು ಪೆಡಲ್‌ಗೆ ಎಟುಕಲಿಲ್ಲ. ಸೀಟು ಪೂರ್ತಿ ಹಿಂದಕ್ಕೆ ಹೋಗಿದೆ. ಮೇಲಿನ ಕನ್ನಡಿಯಲ್ಲಿ ಹಿಂದಿನ ಗಾಜಿನ ಬದಲು ಕಾರಿನ ಚಾವಣಿ ಕಾಣುತ್ತಿದೆ. ನನ್ನ ತಮ್ಮ ನನಗಿಂತ ಎರಡು ಬೆರಳು ಕುಳ್ಳ ಅನ್ನೋದು ಅವನನ್ನು ಕಂಡವರಿಗೆಲ್ಲ ಗೊತ್ತು. (ಅವನೂ ಇದನ್ನು ಓದುತ್ತಾನೆ. ಓದಲಿ.) ಅಂದರೆ ಆ ಸೀಟಿನಲ್ಲಿ ಕೊನೆಗೆ ಕೂತಿದ್ದವನು ನಮ್ಮ ಮನೆಯವನಲ್ಲ.

ಗೇಟು ದಾಟಿ ಮೊದಲ ತಿರುವು ತಿರುಗಿಸಿದೆ. ಎಡಗಡೆಯಿಂದ ಕರ್ರ್ ಅಂತ ಸದ್ದು. ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಕಾರು ಎಡಕ್ಕೇ ಎಳೆಯುತ್ತಿದೆ. ಇಳಿದು ಆ ಕಡೆ ಹೋಗಿ ನೋಡಿದೆ. ಬಂಪರಿನ ಮೂಲೆ ಒಡೆದಿದೆ. ಅದನ್ನು ಎರಡು ಕಪ್ಪು ಕೇಬಲ್ ಟೈ ಹಾಕಿ ಕಟ್ಟಿದ್ದಾರೆ. ಟೈಗಳ ಬಾಲವನ್ನು ನೀಟಾಗಿ ಕತ್ತರಿಸಿಯೂ ಇದ್ದಾರೆ. ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ಒಳಕ್ಕೆ ಹೋಗಿದೆ. ಚಕ್ರದ ಮೇಲಿನ ಪ್ಲಾಸ್ಟಿಕ್ ಕಿತ್ತು ಟೈರಿಗೆ ಉಜ್ಜುತ್ತಿದೆ. ರಿಮ್ ಸೊಟ್ಟ. ಟೈರಿನ ಮಗ್ಗುಲಲ್ಲಿ ಏಟು ತಿಂದ ಹಣೆಯ ಹಾಗೆ ಒಂದು ಬುಗುಟೆ.

ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದೆ. ಅವನ ಉತ್ತರ ಇದು: "ಓ ಅದಾ? ಸ್ವಲ್ಪ ಟಚ್ ಆಯ್ತು ಅಕ್ಕ, ಅಷ್ಟೇ."

ಟಚ್ ಆಯ್ತು. ಎಂಥಾ ವಾಕ್ಯ ನೋಡಿ. ಯಾರು ಮಾಡಿದ್ದು ಅಂತಿಲ್ಲ, ಯಾವುದಕ್ಕೆ ಅಂತಿಲ್ಲ, ಯಾವಾಗ ಅಂತಿಲ್ಲ. ಮಳೆ ಆಯ್ತು, ಕತ್ತಲಾಯ್ತು, ಟಚ್ ಆಯ್ತು. ಕಾರು ತಾನೇ ಎದ್ದು ವಾಕಿಂಗ್ ಹೋಗಿ, ಯಾವುದನ್ನೋ ಮುಟ್ಟಿ, ತಾನೇ ಕೇಬಲ್ ಟೈ ಕಟ್ಟಿಕೊಂಡು, ಗಾಯ ಗೋಡೆ ಕಡೆಗೆ ಮಾಡಿಕೊಂಡು ಮಲಗಿದೆ ಪಾಪ.

ಅರ್ಧ ಗಂಟೆ ಹಿಂಡಿದ ಮೇಲೆ ಕಥೆ ಹೊರಬಂತು. ಶನಿವಾರ ರಾತ್ರಿ ಅವನ ಗೆಳೆಯ ಬಂದು "ಐದೇ ನಿಮಿಷ, ಲಗೇಜ್ ಇದೆ" ಅಂದನಂತೆ. ಇವನು ಕೀ ಕೊಟ್ಟ. ಗೆಳೆಯನಿಗೆ ಬೇರೆ ಕೆಲಸ ಬಂತಂತೆ, ಅವನು ತನ್ನ ಭಾವಮೈದುನನಿಗೆ ಕೀ ಕೊಟ್ಟ. ಸೀಟು ಹಿಂದಕ್ಕೆ ತಳ್ಳಿದ ಉದ್ದನೆ ಮನುಷ್ಯ ಅವನೇ, ಕಾರನ್ನು ಕಟ್ಟೆಗೆ ಗುದ್ದಿದವನೂ ಅವನೇ. ಅವನಿಗೆ ಲೈಸೆನ್ಸ್ ಇದೆಯಾ ಅಂತ ಕೇಳಿದೆ. "ಇರುತ್ತೆ ಅಕ್ಕ, ಓಡಿಸ್ತಾನಲ್ಲ" ಅಂದ. ಓಡಿಸಿದ್ದನ್ನು ನೋಡಿದೆನಪ್ಪ, ಮುಂದಿನ ಎಡ ಚಕ್ರದಲ್ಲಿ ಕಾಣುತ್ತಿದೆ.

ನಿಮಗೆಲ್ಲ ಗೊತ್ತಿರೋ ಹಾಗೆ ಆ ಕಾರು ಒಬ್ಬರದ್ದಲ್ಲ. ಅಪ್ಪ, ನಾನು, ತಮ್ಮ ಮೂವರೂ ದುಡ್ಡು ಹಾಕಿ ತಗೊಂಡಿದ್ದು. ಕಾಗದ ಅಪ್ಪನ ಹೆಸರಲ್ಲಿದೆ. ಯಾರಿಗೆ ಯಾವತ್ತು ಬೇಕು ಅಂತ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಶನಿವಾರ ರಾತ್ರಿ ಅವನ ಸರದಿ, ಒಪ್ಪಿದೆ. ಆದರೆ ಸರದಿ ಅಂದರೆ ಅವನು ಓಡಿಸುವ ಸರದಿ. ತನ್ನ ಮೂರನೇ ಒಂದು ಪಾಲನ್ನು ಮಾತ್ರ ಕೊಟ್ಟೆ ಅನ್ನೋಕೆ ಇದು ಸೈಟಲ್ಲ. ನನ್ನ ಪಾಲು, ಅಪ್ಪನ ಪಾಲು ಎರಡೂ ಅದರ ಜೊತೆಗೇ ಹೋದವು. ನಾವು ಆಗ ನಿದ್ದೆ ಮಾಡುತ್ತಿದ್ದೆವು.

ಆಮೇಲೆ ಮನೆಯಲ್ಲಿ ಪಂಚಾಯಿತಿ. ಎಲ್ಲರ ಬೈಗುಳವೂ ಆ ಭಾವಮೈದುನನಿಗೆ. ಎಂಥಾ ಬೇಜವಾಬ್ದಾರಿ ಮನುಷ್ಯ, ಬಂದು ಒಂದು ಮಾತು ಹೇಳಬಾರದಾ ಅಂತ. ನನಗೆ ಆ ಮನುಷ್ಯನ ಮೇಲೆ ನಿಜವಾಗಿ ಸಿಟ್ಟೇ ಇಲ್ಲ. ಅವನ ಮುಖ ಕೂಡ ನಾನು ನೋಡಿಲ್ಲ. ನಾನು ಅವನಿಗೆ ಏನೂ ಕೊಟ್ಟಿಲ್ಲ, ಹಾಗಾಗಿ ಅವನಿಂದ ನನಗೆ ಏನೂ ಬರಬೇಕಾಗಿಲ್ಲ. ಕೊಟ್ಟವನು ನಮ್ಮವನು. ನಮಗೆ ಲೆಕ್ಕ ಕೊಡಬೇಕಾದವನೂ ಅವನೇ. ಅವನು ಗೆಳೆಯನಿಂದ ವಸೂಲಿ ಮಾಡುತ್ತಾನೋ, ಗೆಳೆಯ ಭಾವಮೈದುನನ ಕೊರಳಪಟ್ಟಿ ಹಿಡಿಯುತ್ತಾನೋ, ಅದು ಬೇರೆ ಖಾತೆ. ಆ ಖಾತೆ ತುಂಬುವವರೆಗೂ ನಮ್ಮ ಕಾರು ಕೇಬಲ್ ಟೈ ಕಟ್ಟಿಕೊಂಡು ಕಾಯಬೇಕಾಗಿಲ್ಲ.

ಇಷ್ಟು ಹೇಳಿದರೆ ಅಪ್ಪ ನ್ಯಾಯಾಧೀಶರ ಗತ್ತಿನಲ್ಲಿ, "ಸರಿ, ಮೂವರೂ ಹಂಚಿಕೊಳ್ಳೋಣ ಬಿಡು" ಅಂದರು.

ಅಲ್ಲಿ ನನ್ನ ತಾಳ್ಮೆ ಮುಗಿಯಿತು. ಸರ್ವಿಸ್ ಹಂಚಿಕೊಳ್ಳುತ್ತೇವೆ. ಬ್ಯಾಟರಿ ಸತ್ತರೆ ಹಂಚಿಕೊಳ್ಳುತ್ತೇವೆ. ಬ್ರೇಕ್ ಪ್ಯಾಡ್ ಸವೆದರೆ ಯಾರು ಜಾಸ್ತಿ ಒತ್ತಿದರು ಅಂತ ನಾನು ಯಾವತ್ತೂ ಕೇಳಿಲ್ಲ. ಅದು ಸವೆತ. ಇದು ಉಡಾಫೆ. ಇದರಲ್ಲೂ ನನಗೆ ಪಾಲು ಕೊಟ್ಟರೆ, ನೆಟ್ಟಗೆ ಓಡಿಸಿ ಕೀ ತಂದು ಮೊಳೆಗೆ ನೇತುಹಾಕಿದ್ದಕ್ಕೆ ನನಗೆ ದಂಡ ಹಾಕಿದ ಹಾಗಾಯ್ತು, ಅಲ್ವಾ?

"ಇನ್ಶೂರೆನ್ಸ್ ಇದೆಯಲ್ಲ" ಅನ್ನುವವರಿಗೂ ಬರವಿಲ್ಲ. ಇನ್ಶೂರೆನ್ಸ್ ಅಂದರೆ ಯಾರೋ ದೂರದ ಮಾವ ಕಳಿಸುವ ದುಡ್ಡು ಅಂದುಕೊಂಡಿದ್ದಾರೆ. ಕ್ಲೇಮ್ ಫಾರ್ಮಿನಲ್ಲಿ ಕೇಳುವುದೇ ಓಡಿಸುತ್ತಿದ್ದವರು ಯಾರು, ಲೈಸೆನ್ಸ್ ನಂಬರ್ ಏನು ಅಂತ. ಅಲ್ಲಿ ಯಾರ ಹೆಸರು ಬರೆಯೋದು? "ನಿನ್ನ ಹೆಸರೇ ಹಾಕು ಅಕ್ಕ, ನಿಂದು ಕ್ಲೀನ್ ಇದೆ" ಅಂತ ತಮ್ಮ ಹೇಳಿದ. ನಗುತ್ತಲೇ ಹೇಳಿದ, ಆದರೆ ಹೇಳಿದ. ಅದು ಸುಳ್ಳು ಕ್ಲೇಮ್ ಕಣಪ್ಪ. ಸಿಕ್ಕಿಬಿದ್ದರೆ ದುಡ್ಡೂ ಬರಲ್ಲ, ಪಾಲಿಸಿಯೂ ಉಳಿಯಲ್ಲ, ಮೊದಲ ನೋಟಿಸ್ ಕಾಗದದಲ್ಲಿ ಹೆಸರಿರೋ ಅಪ್ಪನಿಗೇ. ಎಲ್ಲ ಸರಿಯಿದ್ದು ಪ್ರಾಮಾಣಿಕವಾಗಿ ಕ್ಲೇಮ್ ಮಾಡಿದರೂ ಒಂದಷ್ಟು ನಮ್ಮ ಕೈಯಿಂದ ಕಟ್ಟಲೇಬೇಕು. 4 ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತೆ, ಮುಂದಿನ ವರ್ಷದ ಪ್ರೀಮಿಯಂ ಏರುತ್ತೆ. ಆ ಬೋನಸ್ ಮೂವರ ನಿಗಾದಿಂದ ಬಂದದ್ದು. ಅದನ್ನು ಭಾವಮೈದುನನ ಲಗೇಜಿಗೆ ಯಾಕೆ ಸುರಿಯಬೇಕು?

ಗೆಳೆಯನೂ ಫೋನ್ ಮಾಡಿದ್ದ. ಒಳ್ಳೆ ಹುಡುಗ, ಮಾತು ಜೇನು. "ಅಕ್ಕಾ, ನಮ್ಮ ಕಡೆ ಒಬ್ಬ ಇದ್ದಾನೆ. ಪುಟ್ಟಿ ಹಾಕಿ ಪೇಂಟ್ ಹೊಡೆದುಬಿಟ್ರೆ ಗೊತ್ತೇ ಆಗಲ್ಲ." ಅವನಿಗೆ ಬೇಕಾಗಿರೋದೂ ಅದೇ, ಗೊತ್ತಾಗದೇ ಇರೋದು. ನನಗೆ ಬೇಕಾಗಿರೋದು ಎಂಬತ್ತರ ವೇಗದಲ್ಲಿ ಹೋಗುವಾಗ ಟೈರ್ ಸಿಡಿಯದೇ ಇರೋದು. ಟೈರಿನ ಮಗ್ಗುಲಲ್ಲಿ ಬುಗುಟೆ ಬಂತು ಅಂದರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ. ಹೊರಗಿನ ರಬ್ಬರ್ ಒಂದೇ ಗಾಳಿಯನ್ನು ತಡೆದುಕೊಂಡಿರುತ್ತೆ. ಅದಕ್ಕೆ ಪಂಕ್ಚರ್ ಹಾಕಿದ ಹಾಗೆ ತೇಪೆ ಹಾಕೋಕೆ ಬರಲ್ಲ, ಟೈರ್ ಬದಲಾಯಿಸಬೇಕು, ಅಷ್ಟೇ. ಎಡಕ್ಕೆ ಎಳೆಯುತ್ತಿದೆ ಅಂದರೆ ಚಕ್ರವನ್ನು ಕಾರಿಗೆ ಹಿಡಿದಿಡುವ ಸಸ್ಪೆನ್ಶನ್ನಿನಲ್ಲಿ ಏನೋ ಬಾಗಿರಬಹುದು. ಅದನ್ನು ನೋಡದೆ ಬರೀ ಚಕ್ರದ ಓರೆ ಸರಿಮಾಡುವ ಅಲೈನ್‌ಮೆಂಟ್ ಮಾಡಿಸಿದರೆ ಹೊಸ ಟೈರನ್ನೂ ಅದು ತಿಂದುಹಾಕುತ್ತೆ. ಬಂಪರ್ ಮೋಸಗಾರ. ಪ್ಲಾಸ್ಟಿಕ್ ಆದ್ದರಿಂದ ಮತ್ತೆ ಉಬ್ಬಿ ತನ್ನ ಆಕಾರಕ್ಕೆ ಬಂದುಬಿಡುತ್ತೆ, ಹಿಂದಿನ ಕ್ಲಿಪ್ಪು, ಹೆಡ್‌ಲೈಟ್ ಹಿಡಿದ ಕಿವಿ ಮುರಿದಿರೋದು ಬಿಚ್ಚಿದ ಮೇಲೇ ಗೊತ್ತಾಗೋದು. ಇನ್ನು ಬಣ್ಣ. ನಮ್ಮದು ಸಿಲ್ವರ್. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತೆ, ಬಿಸಿಲು ಬೀಳುವ ಓರೆಗೆ ತಕ್ಕ ಹಾಗೆ ಹೊಳಪು ಬದಲಾಗುತ್ತೆ. ಫೆಂಡರ್ ಒಂದಕ್ಕೇ ಹೊಡೆದರೆ ಪಕ್ಕದ ಬಾಗಿಲು ಬೇರೆ ಕಾರಿನದು ಅನ್ನಿಸುತ್ತೆ. ಹೊಂದಿಸೋಕೆ ಬಾಗಿಲ ಮೇಲೂ ಸ್ವಲ್ಪ ದೂರ ಬಣ್ಣ ಹರಡಬೇಕು. ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ, ಒಂದು ವಾರದಿಂದ ನಾನು ಬೇರೇನೂ ಓದಿಲ್ಲ.

ಅಮ್ಮನ ಮಾತು ಬೇರೆ. "ಯಾರಿಗೂ ಏನೂ ಆಗ್ಲಿಲ್ವಲ್ಲ, ಅದನ್ನ ನೋಡು. ಕಾರು ಇವತ್ತು ಇರುತ್ತೆ ನಾಳೆ ಹೋಗುತ್ತೆ, ಅಕ್ಕ ತಮ್ಮ ಅದಕ್ಕೆ ಮಾತು ಬಿಡ್ತೀರಾ?" ಈ ಮಾತಿನಲ್ಲಿ ಸತ್ಯ ಇದೆ, ನಾನೇನು ಕಲ್ಲಲ್ಲ. ಆ ರಾತ್ರಿ ಅಡ್ಡ ಬಂದದ್ದು ಕಟ್ಟೆಯ ಬದಲು ಒಬ್ಬ ಮನುಷ್ಯ ಆಗಿದ್ದರೆ ಅಂತ ಯೋಚಿಸಿ ನಾನೂ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ಆದರೆ ಗಮನಿಸಿ, ಸಂಬಂಧ ದೊಡ್ಡದು ಅನ್ನುವ ಪಾಠ ಯಾವಾಗಲೂ ನಷ್ಟ ಆದವರಿಗೇ ಬರುತ್ತೆ. ಕೀ ಕೊಡುವಾಗ ಅವನಿಗೆ ಯಾಕೆ ಯಾರೂ ಹೇಳಲಿಲ್ಲ, ಸಂಬಂಧ ದೊಡ್ಡದು, ಅಕ್ಕನಿಗೆ ಒಂದು ಫೋನ್ ಮಾಡು ಅಂತ? ನಾನು ಬೇಡ ಅನ್ನುತ್ತಿದ್ದೆ ಅಂತಲೇ ಮಾಡಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಹಾಗಾದರೆ ನನ್ನ ಉತ್ತರ ಅವನಿಗೆ ಮೊದಲೇ ಗೊತ್ತಿತ್ತು ತಾನೆ?

ಒಡೆದದ್ದಕ್ಕಿಂತ ಆ ಗೋಡೆಯೇ ನನಗೆ ಜಾಸ್ತಿ ಚುಚ್ಚುತ್ತಿರೋದು. ಆ ಅಂಗೈ ಜಾಗ. ಸ್ಟೀರಿಂಗ್ ಹಿಡಿದಿದ್ದು ಭಾವಮೈದುನನೇ ಇರಬಹುದು, ಆದರೆ ರಾತ್ರಿ ಹನ್ನೊಂದಕ್ಕೆ ಪಕ್ಕದಲ್ಲಿ ನಿಂತು ಹಿಂದೆ ಮುಂದೆ ಮಾಡಿಸಿ ಮಾಡಿಸಿ ಅಷ್ಟು ಹತ್ತಿರ ನಿಲ್ಲುವ ಹಾಗೆ ಮಾಡಿದ್ದು ನನ್ನ ತಮ್ಮನೇ. ನಾನು ಎತ್ತಿ ಆಡಿಸಿದ ಹುಡುಗ.

ಕೊನೆಗೆ ನನ್ನ ಷರತ್ತು ಹೇಳಿದೆ. ಬಿಲ್ ಪೂರ್ತಿ ಅವನದು. ಒಂದೇ ಸಲ ಆಗದಿದ್ದರೆ ತಿಂಗಳಿಗಿಷ್ಟು ಅಂತ ಕೊಡಲಿ, ಅಮ್ಮ ಗುಟ್ಟಾಗಿ ಕೈಗೆ ತುರುಕುವಂತಿಲ್ಲ. ಗ್ಯಾರೇಜಿಗೂ ಅವನೇ ಹೋಗಬೇಕು, ಅವನೇ ಕೂರಬೇಕು, ಬಿಚ್ಚಿದ ಭಾಗಗಳ ಫೋಟೋ ಕಳಿಸಬೇಕು. ಮೂವರೂ ಹೂಂ ಅನ್ನದೆ ಹೊರಗಿನವರಿಗೆ ಕೀ ಇಲ್ಲ. ಕೀ ಕಿತ್ತುಕೊಳ್ಳುತ್ತೇನೆ ಅಂತ ನಾನು ಹೇಳಲಿಲ್ಲ. ಅದೂ ಅವನ ಕಾರೇ.

ಮುಖ ಊದಿಸಿಕೊಂಡು ಇವತ್ತು ಬೆಳಿಗ್ಗೆ ಹೋದ. ಮಧ್ಯಾಹ್ನದವರೆಗೂ ಒಂದೊಂದೇ ಫೋಟೋ ಬಂತು, ಮಾತಿಲ್ಲ. ಈಗ ಒಂದು ಗಂಟೆ ಕೆಳಗೆ ಫೋನ್ ಬಂತು. ದನಿಯಲ್ಲಿ ಹೊಸ ಉತ್ಸಾಹ.

"ಅಕ್ಕ, ಪೇಂಟ್ ಮಾಡೋರು ಒಂದು ಪ್ರಶ್ನೆ ಕೇಳ್ತಿದ್ದಾರೆ. ಹಿಂದಿನ ಬಲಗಡೆ ಬಾಗಿಲ ಕೆಳಗೆ ನೈಲ್ ಪಾಲಿಶ್ ಹಚ್ಚಿದ್ದು ಯಾರು ಅಂತ."

ಹೋದ ವರ್ಷ. ಬೇಸ್‌ಮೆಂಟಿನ ಕಂಬ. ಸಿಲ್ವರ್ ಬಣ್ಣದ್ದೇ ಹುಡುಕಿ ತಂದು ಮೂರು ಕೋಟ್ ಹಚ್ಚಿದ್ದೆ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಫೋನಿನಲ್ಲಿ ನನ್ನ ಬಾಯಿಂದ ಬಂದದ್ದು ಏನು ಗೊತ್ತಾ? "ಅದು ಸ್ವಲ್ಪ ಟಚ್ ಆಗಿತ್ತು ಕಣೋ."

ಇನ್ನೂ ನಗುತ್ತಿರಬೇಕು ಅಲ್ಲಿ. ನಗಲಿ. ಆವತ್ತು ಓಡಿಸುತ್ತಿದ್ದವಳು ನಾನೇ, ಆ ಬಾಟಲಿಯ ದುಡ್ಡನ್ನೂ ನಾನು ಮೂರು ಪಾಲು ಮಾಡಿರಲಿಲ್ಲ. ಆ ಹಿಂದಿನ ಬಾಗಿಲ ಬಣ್ಣದ್ದು ಎಷ್ಟಾಗುತ್ತೆ ಅಂತ ಬೇರೆ ಬರೆಸಿಕೊಂಡು ಬಾ ಅಂದಿದ್ದೇನೆ. ಅದು ನಂದು. ಮಿಕ್ಕಿದ್ದು ಅವನದೇ.